ಎಂಟು ರಾತ್ರಿಯ ನಿದ್ದೆ

ದೋರನಹಳ್ಳಿ
೯ ಜುಲೈ ೨೦೨೫

ಗುಡ್ಡುವಿನ ಪಪ್ಪನಿಗೆ,

ಜೈ ಭೀಮ್ ಬರೆದು ಪತ್ರ ಶುರು ಮಾಡುವಷ್ಟು ತಾಳ್ಮೆ ಇವತ್ತು ನನಗಿಲ್ಲ. ಮೂರು ದಿನದಿಂದ ನೀವು ಫೋನು ಮಾಡುತ್ತಲೇ ಇದ್ದೀರಿ, ನಾನು ತೆಗೆಯುವುದಿಲ್ಲ. ಫೋನಿನಲ್ಲಿ ಬೈಗುಳಕ್ಕಿಂತ ಮೊದಲು ನನಗೆ ಅಳು ಬರುತ್ತದೆ. ನಾನು ಅತ್ತರೆ ನೀವು ಸಮಾಧಾನ ಹೇಳುವವರಾಗುತ್ತೀರಿ, ಮಾತು ಅಲ್ಲಿಗೇ ಮುಗಿಯುತ್ತದೆ. ಕಾಗದದ ಮೇಲೆ ನನಗೆ ಅಳು ಬರುವುದಿಲ್ಲ. ಆರು ವರ್ಷ ಶಹಾಪುರದ ಕಚೇರಿಯಲ್ಲಿ ಕಾಗದ ಬರೆದೇ ಉಂಡವಳು ನಾನು.

ಆಗಿದ್ದನ್ನು ಇನ್ನೊಮ್ಮೆ ಬರೆಯುತ್ತೇನೆ, ಏಕೆಂದರೆ ನಿಮ್ಮ ಮನೆಯಲ್ಲಿ ಇದು ಆಗಲೇ ಸಣ್ಣ ವಿಷಯವಾಗಿರುತ್ತದೆ.

ಜೂನಿನಲ್ಲಿ ಬಾಣಂತನ ಮುಗಿಸಿ ನಾಲ್ಕು ತಿಂಗಳ ಗುಡ್ಡುವನ್ನು ಎತ್ತಿಕೊಂಡು ಸುರಪುರಕ್ಕೆ ಬಂದ ದಿನದಿಂದ ಅವಳು ಗಂಟೆಗೊಮ್ಮೆ ಏಳುತ್ತಿದ್ದಳು. ನನ್ನ ಕಣ್ಣ ಕೆಳಗೆ ಕಾಡಿಗೆ ಬಳಿದ ಹಾಗಾಗಿತ್ತು. ಅನ್ನಕ್ಕೆ ಉಪ್ಪಿನ ಬದಲು ಸಕ್ಕರೆ ಹಾಕಿದ್ದೆ, ನೀವು ಹಾಗೇ ಉಂಡಿರಿ. ಆಮೇಲೆ ಒಂದು ದಿನ ರಾತ್ರಿ ಒಂಬತ್ತಕ್ಕೆ ಮಲಗಿದವಳು ಬೆಳಿಗ್ಗೆ ಆರಕ್ಕೆ ಎದ್ದಳು. ಮರುದಿನವೂ ಹಾಗೇ. ಹೀಗೆ ಎಂಟು ರಾತ್ರಿ. ನಾನು ಎಷ್ಟು ಮೂರ್ಖಳೆಂದರೆ, ಆಫೀಸಿನ ಹೆಂಗಸರ ವಾಟ್ಸಾಪ್ ಗುಂಪಿಗೆ "ನಮ್ಮ ಗುಡ್ಡು ಸೆಟ್ ಆದ್ಲು ನೋಡ್ರಿ" ಎಂದು ಬರೆದೆ. ಇಪ್ಪತ್ತು ಮಂದಿ ಚಪ್ಪಾಳೆ ಹಾಕಿದರು. ನನ್ನ ಕೂಸಿನ ಬಾಯಿಗೆ ವಿಷ ಬೀಳುತ್ತಿತ್ತು, ನಾನು ಚಪ್ಪಾಳೆ ತಗೊಳ್ಳುತ್ತಿದ್ದೆ.

ರವಿವಾರ ಬೆಳಿಗ್ಗೆ ಹತ್ತಾದರೂ ಅವಳು ಏಳಲಿಲ್ಲ. ಮುಖಕ್ಕೆ ತಣ್ಣೀರು ಹಾಕಿದೆ, ಅಂಗಾಲು ಚಿವುಟಿದೆ. ಕತ್ತು ಒಂದು ಕಡೆ ವಾಲಿತು. ಆಸ್ಪತ್ರೆಯಲ್ಲಿ ಡಾಕ್ಟರು ಅವಳ ರೆಪ್ಪೆ ಬಿಡಿಸಿ ನೋಡಿ ಕೇಳಿದರು: "ಏನ್ ಕುಡಿಸೀರಿ ಕೂಸಿಗೆ? ಸುಳ್ಳು ಹೇಳಬ್ಯಾಡ್ರಿ." ನಾನು ನನ್ನ ತಾಯಿಯ ಆಣೆ ಮಾಡಿ ಏನೂ ಇಲ್ಲ ಅಂದೆ. ನೀವು ಗೋಡೆಯ ಮೇಲಿನ ಲಸಿಕೆಯ ಪಟ್ಟಿ ಓದುತ್ತ ನಿಂತಿದ್ದಿರಿ. ಸಂಜೆ ಅವಳು ಕಣ್ಣು ಬಿಟ್ಟು ಅತ್ತಳು. ಅಳು ಕೇಳಿ ಖುಷಿಪಟ್ಟಿದ್ದು ನನಗೆ ಅದೇ ಮೊದಲು.

ಮನೆಗೆ ಬಂದು ಮೂಲೆ ಮೂಲೆ ಹುಡುಕಿದೆ. ನಿಮ್ಮ ತಾಯಿಯ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿ ಸಿಕ್ಕಿತು. ನೆಗಡಿಯ ಸಿರಪ್ಪು, ಅರ್ಧ ಖಾಲಿ. ಕೇಳಿದ್ದಕ್ಕೆ ನಿಮ್ಮ ತಾಯಿ ನನ್ನ ಮುಖ ನೋಡಲಿಲ್ಲ, ನಿಮ್ಮ ಮುಖ ನೋಡಿದರು. "ನಾನೇ ಹಾಕೀನವ್ವಾ. ತಪ್ಪಾತು" ಅಂದರು. ತಪ್ಪಾಯಿತಂತೆ! ಹಾಲು ಉಕ್ಕಿಸಿದ ಹಾಗೆ! ನಾನು ಬೀದಿಗೆ ಬಂದು ಇಡೀ ಓಣಿ ಕೇಳುವ ಹಾಗೆ "ಕೂಸು ಕೊಲ್ಲಾಕಿ" ಎಂದು ಕೂಗಿದೆ. ಕೂಗಿದ್ದಕ್ಕೆ ನನಗೆ ನಾಚಿಕೆ ಇಲ್ಲ.

ಒಂದೇ ಮಾತು. ಆ ಹೆಂಗಸು ಆ ಮನೆಯಲ್ಲಿರುವವರೆಗೆ ನಾನೂ ಬರುವುದಿಲ್ಲ, ನನ್ನ ಮಗಳೂ ಬರುವುದಿಲ್ಲ. ಸಿರಪ್ಪಿನ ಬಾಟಲಿ ನನ್ನ ಬ್ಯಾಗಿನಲ್ಲಿದೆ. ಪುರಾವೆ ಬಿಟ್ಟು ಬರುವ ಅಭ್ಯಾಸ ನನಗಿಲ್ಲ.

ಪಂಚಶೀಲಾ


ಸುರಪುರ
೧೬ ಜುಲೈ ೨೦೨೫

ಪ್ರೀತಿಯ ಪಂಚಶೀಲಾ,

ಜೈ ಭೀಮ್. ನಿನ್ನ ಪತ್ರ ಓದಿದೆ. ನೀನು ಬರೆದಿದ್ದೆಲ್ಲ ಸರಿ.

ಅವ್ವ ಹಳೆಯ ಕಾಲದವಳು. ಹುಟ್ಟಿದಾಗಿನಿಂದ ಕೂಲಿ ಮಾಡಿದವಳು, ಒಂದಕ್ಷರ ಬಾರದು. ಬಾಟಲಿಯ ಮೇಲೆ ಏನು ಬರೆದಿದೆ, ಎಷ್ಟು ವಯಸ್ಸಿಗೆ ಎಷ್ಟು ಕೊಡಬೇಕು, ಇದೆಲ್ಲ ಅವಳಿಗೆ ಹೇಗೆ ತಿಳಿಯಬೇಕು? ಕೆಟ್ಟ ಮನಸ್ಸಿನಿಂದ ಆಗಿದ್ದಲ್ಲ, ಅಜ್ಞಾನದಿಂದ ಆಗಿದ್ದು. ಆದರೂ ತಪ್ಪು ತಪ್ಪೇ. ಅವಳ ಪರವಾಗಿ ನಾನು ಕ್ಷಮೆ ಕೇಳುತ್ತೇನೆ.

ಅವ್ವನನ್ನು ಶಿರವಾಳಕ್ಕೆ ನನ್ನ ತಂಗಿಯ ಮನೆಗೆ ಬಿಟ್ಟು ಬಂದಿದ್ದೇನೆ. ತಾನೇ ಹೋಗುತ್ತೇನೆ ಅಂದಳು. ಬಸ್ಸಿನಿಂದ ಇಳಿಯುವಾಗ "ಹಾಲು ಕಾಯಿಸಿ ಇಟ್ಟೀನಿ, ಬೆಕ್ಕು ಬರ್ತದ, ಮುಚ್ಚು" ಅಂದಳು.

ಈಗ ಮನೆಯಲ್ಲಿ ಸದ್ದಿಲ್ಲ. ಇಡೀ ರಾತ್ರಿ ಮಲಗಬಹುದು, ಆದರೆ ನಿದ್ದೆ ಬರುವುದಿಲ್ಲ. ನೀನು ಹೇಳಿದ್ದು ಮಾಡಿದ್ದೇನೆ. ಯಾವಾಗ ಕರೆಯಲು ಬರಲಿ?

ನಿನ್ನ
ಸುನೀಲ


ದೋರನಹಳ್ಳಿ
೨ ಆಗಸ್ಟ್ ೨೦೨೫

ಗುಡ್ಡುವಿನ ಪಪ್ಪನಿಗೆ,

ಜೈ ಭೀಮ್. ನೋಡಿ, ಇವತ್ತು ಬರೆದೆ.

ಈ ತಿಂಗಳ ಕೊನೆಗೆ ಬನ್ನಿ. ನಿಮ್ಮ ಮೇಲಿನ ಸಿಟ್ಟು ಸ್ವಲ್ಪ ಇಳಿದಿದೆ. ತಾಯಿಯನ್ನು ಕಳಿಸುವುದು ನಿಮಗೆ ಸುಲಭವಾಗಿರಲಿಕ್ಕಿಲ್ಲ ಎಂದು ನನಗೂ ತಿಳಿಯುತ್ತದೆ.

ಆದರೆ ಈಗ ದೋರನಹಳ್ಳಿಯ ಮೇಲೆ ಸಿಟ್ಟು. ಗುಡ್ಡು ಮತ್ತೆ ಗಂಟೆಗೊಮ್ಮೆ ಏಳುತ್ತಾಳೆ, ಹಗಲು ಹೊತ್ತು ಊರಿಗೆ ಊರೇ ಬಂದು ಬುದ್ಧಿ ಹೇಳುತ್ತದೆ. ಒಬ್ಬಳು ದೃಷ್ಟಿ ಅನ್ನುತ್ತಾಳೆ. ಇನ್ನೊಬ್ಬಳು ನನ್ನ ಹಾಲು ತೆಳುವಾಗಿದೆ ಅನ್ನುತ್ತಾಳೆ, ಅಳೆದು ನೋಡಿದವಳ ಹಾಗೆ. ನಮ್ಮವ್ವ ಕಲ್ಯಾಣಮ್ಮ ನಾನಿಲ್ಲದಾಗ ಕೂಸಿನ ಕೊರಳಿಗೆ ತಾಯತ ಕಟ್ಟಿದಳು. ನಾನು ಬಿಚ್ಚಿ ಹಿತ್ತಲಿಗೆ ಎಸೆದೆ, ಎರಡು ದಿನ ತಾಯಿ ಮಗಳಿಗೆ ಮಾತಿಲ್ಲ. ಎಲ್ಲಕ್ಕಿಂತ ಮೇಲೆ ನಮ್ಮ ಮಾನಪ್ಪ ಕಾಕಾ. ನಿನ್ನೆ ಕಟ್ಟೆಯ ಮೇಲೆ ಕೂತು, "ಒಂದು ಹನಿ ಬ್ರಾಂಡಿ ನಾಲಿಗಿಗೆ ಹಚ್ಚವ್ವಾ, ಕುಂಭಕರ್ಣನಂಗ ಮಲಗ್ತದ" ಅಂದ. "ಕಾಕಾ, ದಿನಾ ನೀ ಕುಡದು ಮಲಗ್ತಿ, ನಿನ್ನ ಹಂಗ ಆಗಬಾರದು ಅಂತಲೇ ಕುಡಸಂಗಿಲ್ಲ" ಅಂದೆ. ಅಪ್ಪ ನಕ್ಕರು, ಕಾಕಾ ಎದ್ದು ಹೋದ.

ಒಂದು ಮಾತು ನಿಮಗೆ ಮಾತ್ರ ಬರೆಯುತ್ತೇನೆ. ನಿಮ್ಮ ತಾಯಿಗೆ ಜೋಗುಳ ಬರುತ್ತಿರಲಿಲ್ಲ. ಗುಡ್ಡುವನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ಓಡಾಡುತ್ತ, "ಒಂದನೇ ಸಾಲು ಮುಗೀತವ್ವಾ, ಎರಡನೇ ಸಾಲು ಹಿಡಿದ್ವಿ" ಎಂದು ಹತ್ತಿ ಹೊಲದ ಸಾಲು ಎಣಿಸುತ್ತಿದ್ದರು. ಹದಿನೈದು ಇಪ್ಪತ್ತು ಸಾಲಿಗೆ ಅವಳು ಸುಮ್ಮನಾಗುತ್ತಿದ್ದಳು. ಇಷ್ಟು ಬಲ್ಲವರಿಗೆ ಬಾಟಲಿ ಯಾಕೆ ಬೇಕಾಯಿತು ಎಂದು ಮೊನ್ನೆಯಿಂದ ಯೋಚನೆ ಬರುತ್ತಿದೆ. ಬಂದಷ್ಟೂ ಸಿಟ್ಟು ಜಾಸ್ತಿ ಆಗುತ್ತದೆ.

ಪಂಚಶೀಲಾ


ಶಿರವಾಳ
೧೪ ಆಗಸ್ಟ್ ೨೦೨೫

(ಸುನೀಲನ ತಾಯಿ ಹಣಮಮ್ಮ ಹೇಳಿದ್ದು, ಅಂಗನವಾಡಿ ಟೀಚರ್ ದಾನೇಶ್ವರಿ ಬರೆದದ್ದು. ಹೇಳಿದ ಹಾಗೇ ಬರೆದಿದ್ದೇನೆ.)

ನನ್ನವ್ವ ಪಂಚಶೀಲಾಗ,

ನಾ ಇಲ್ಲಿ ಛಲೋ ಅದೀನಿ. ನೀ ಓದಾಕಿಲ್ಲ, ಹರಿದು ಒಗೀತಿ ಅಂತ ಗೊತ್ತದ. ಆದ್ರೂ ಹೇಳ್ತೀನಿ.

ಸುನೀಲ ಸಾಲ್ಯಾಗ ಪಾಠ ಹೇಳಾಕ ಹೋಗೂಮುಂದ ಉಪಾಸ ಹೋಗಾಕತ್ತಾನಂತ, ನನ್ನ ಮಗಳು ಹೇಳಿದ್ಲು. ನೀ ಸುರಪುರಕ್ಕ ಹೋಗವ್ವಾ. ನಾ ಬರಂಗಿಲ್ಲ, ಆ ಫಿಕರ್ ಬಿಡು. ನನ್ನ ಸಲುವಾಗಿ ನಿಮ್ಮ ಸಂಸಾರ ಮುರೀಬಾರದು. ತಪ್ಪು ನಂದು ಅಂತ ಒಪ್ಪಿದೀನಲ್ಲ, ಇನ್ನೇನು?

ಕೂಸು ಅಳ್ತಂದ್ರ ಅಳಲಿ. ಅಳೂ ಕೂಸಿಗೆ ಜೀವ ಅದ ಅಂತ ತಿಳಿ. ಆದ್ರ ನಿಮ್ಮೂರಾಗ ಯಾರರ ಬ್ರಾಂಡಿ, ಅಫೀಮು, ಮತ್ತೊಂದು ಅಂತ ಬಂದ್ರ ಬಾಗಲ ಹಾಕ್ಕೋ. ಹಿರೇರು ಹೇಳ್ಯಾರ ಅಂತ ಕೇಳಬ್ಯಾಡ. ನಾ ಕೇಳಿ ಕೆಟ್ಟೀನಿ. ಇದು ಸುನೀಲಗೂ ಗೊತ್ತಿಲ್ಲ. ಅವನಕಿಂತ ಮೊದಲ ನನಗ ಒಂದು ಹೆಣ್ಣು ಇತ್ತು, ಎಂಟು ತಿಂಗಳಿಂದು. ಗೌಡರ ಹೊಲದಾಗ ಹತ್ತಿ ಬಿಡಸಾಕ ಹೋಗ್ತಿದ್ವಿ. ನಡುವ ಮೊಲಿ ಕುಡಸಾಕ ಎದ್ರ ಗೌಡರ ಆಳು ಬೈತಿದ್ದ. ಅದಕ್ಕ ಒಬ್ಬಾಕಿ ಮುದುಕಿ ಬೇವಿನ ಗಿಡದ ಕೆಳಗ ಎಲ್ಲಾ ಕೂಸಿಗೂ ಸಾಸಿವಿಯಷ್ಟು ಅಫೀಮು ಉಗರಿನಾಗ ತಗೊಂಡು ತುಟಿಗೆ ಹಚ್ಚತಿದ್ಲು. ಎಲ್ಲಾರೂ ಹಚ್ಚಿಸ್ತಿದ್ರು, ನಾನೂ ಹಚ್ಚಿಸ್ದೆ. ಸಂಜಿಗೆ ಎಲ್ಲಾರ ಕೂಸು ಎದ್ದವು, ನಂದು ಏಳಲಿಲ್ಲ. ಆಳು ನನಗ ಅವತ್ತಿನ ಕೂಲಿ ಪೂರಾ ಕೊಟ್ಟ.

ನಲವತ್ತು ವರ್ಷ ಆಗಾಕ ಬಂತು. ಅವತ್ತಿಂದ ಈ ಕೈಲೆ ಯಾವ ಕೂಸಿನ ಬಾಯಿಗೂ ನಿದ್ದಿದು ಅಂತ ಒಂದು ಹನಿ ಬಿದ್ದಿಲ್ಲ. ಸುನೀಲಗೂ ಇಲ್ಲ, ಅವನ ತಂಗಿಗೂ ಇಲ್ಲ. ಅತ್ತತ್ತೇ ದೊಡ್ಡವರಾದ್ರು.

ರಾತ್ರಿ ಕೂಸು ಸುಮ್ಮಾದ್ರ ಮೂಗಿನ ಕೆಳಗ ಬೆರಳು ಹಿಡಿದು ನೋಡು. ಇಷ್ಟೇ ಹೇಳೂದಿತ್ತು.

ಹಣಮಮ್ಮ (ಹೆಬ್ಬೆಟ್ಟು)


ಶಹಾಪುರ
೧೯ ಆಗಸ್ಟ್ ೨೦೨೫

ಸುನೀಲಕುಮಾರನಿಗೆ,

ವಿಷಯ: ತಾಯಿಯ ತಲೆಗೆ ಸುಳ್ಳು ಕಟ್ಟಿದ ಬಗ್ಗೆ.
ಉಲ್ಲೇಖ: ನಿನ್ನ ತಾಯಿ ೧೪ನೇ ತಾರೀಖು ಹೇಳಿ ಬರೆಸಿದ ಪತ್ರ, ನಕಲು ಇಟ್ಟಿದ್ದೇನೆ.

ಇವತ್ತು ನಿನಗೆ 'ನೀವು' ಇಲ್ಲ. ಮದುವೆಯಾಗಿ ನಾಲ್ಕು ವರ್ಷ ಕೊಟ್ಟ ಮರ್ಯಾದೆಯನ್ನೆಲ್ಲ ವಾಪಸು ತೆಗೆದುಕೊಂಡಿದ್ದೇನೆ.

ನಿನ್ನೆ ಡ್ಯೂಟಿಗೆ ಹಾಜರಾದೆ. ಗುಡ್ಡು ನಮ್ಮವ್ವನ ಹತ್ತಿರ ದೋರನಹಳ್ಳಿಯಲ್ಲಿದ್ದಾಳೆ. ನಿನ್ನ ತಾಯಿಯ ಪತ್ರ ಬ್ಯಾಗಿನಲ್ಲಿತ್ತು, ಮಧ್ಯಾಹ್ನದ ಬುತ್ತಿ ಬಿಚ್ಚುವಾಗ ಓದಿದೆ. ಬುತ್ತಿ ಹಾಗೇ ಮುಚ್ಚಿದೆ. ಪತ್ರದ ನಕಲನ್ನು ಇದರ ಜೊತೆ ಇಟ್ಟಿದ್ದೇನೆ, ನೀನೂ ಓದು. ನಿನಗೊಬ್ಬಳು ಅಕ್ಕ ಇದ್ದಳು.

ಓದಿದೆಯಾ? ಈಗ ಹೇಳು. ಕೂಸಿಗೆ ಮಲಗುವ ಔಷಧ ಹಾಕಿಸಿ ಮಗಳನ್ನು ಮಣ್ಣಿಗಿಟ್ಟ ಹೆಂಗಸು, ನಲವತ್ತು ವರ್ಷದ ಮೇಲೆ ಮೊಮ್ಮಗಳಿಗೆ ಅದನ್ನೇ ಹಾಕುತ್ತಾಳಾ? ಒಪ್ಪಿಕೊಂಡೆ ಎಂದು ಮೊದಲು ಹೇಳಿ, ಅದೇ ಕಾಗದದ ಕೊನೆಗೆ ಹಾಕಿಲ್ಲ ಎಂದು ಹೇಳಿದ್ದಾಳೆ. ಪಾಪ, ಅವಳಿಗೆ ಸುಳ್ಳು ಹೇಳುವ ಅಭ್ಯಾಸವೂ ಇಲ್ಲ.

ಬಾಟಲಿ ತೆಗೆದು ನೋಡಿದೆ. ಮೊದಲೇ ನೋಡಬೇಕಿತ್ತು. ಅಳತೆಯ ಮುಚ್ಚಳದಲ್ಲಿ ಕಂಪನಿಯ ಅತಿ ಕಡಿಮೆ ಅಳತೆಯ ಗೆರೆಗಿಂತ ಕೆಳಗೆ ಕೆಂಪು ಬಾಲ್‌ಪೆನ್ನಿನಿಂದ ಇನ್ನೊಂದು ಗೆರೆ ಎಳೆದಿದೆ. ಅಳತೆಪಟ್ಟಿ ಹಿಡಿದು ಎಳೆದಷ್ಟು ನೆಟ್ಟಗಿದೆ. ನಿನ್ನ ತಾಯಿ ಪೆನ್ನು ಹಿಡಿದಿದ್ದನ್ನು ಯಾರು ನೋಡಿದ್ದಾರೆ? ಆ ಮನೆಯಲ್ಲಿ ಕೆಂಪು ಪೆನ್ನು ಇರುವುದು ಒಬ್ಬರ ಜೇಬಿನಲ್ಲಿ. ಐದನೇ ಇಯತ್ತೆಯ ಮಕ್ಕಳ ತಪ್ಪು ತಿದ್ದುವವರ ಜೇಬಿನಲ್ಲಿ.

ಅಜ್ಞಾನದಿಂದ ಆಗಿದ್ದು ಎಂದು ಬರೆದೆಯಲ್ಲ! ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ಕೂಸಿನ ಜೀವ ನಿನ್ನ ಒಂದು ಮಾತಿನ ಮೇಲೆ ನಿಂತಿತ್ತು. ನೀನು ಲಸಿಕೆಯ ಪಟ್ಟಿ ಓದಿದೆ. ಓದುವುದು ಬಲ್ಲವನಲ್ಲವಾ, ಓದಿದೆ.

ನನ್ನನ್ನೂ ಬಿಡುವುದಿಲ್ಲ. ಟ್ರಂಕಿನಲ್ಲಿ ಸಿಕ್ಕಿತು, ಅಕ್ಷರ ಬಾರದವಳು, ಕೂಲಿ ಮಾಡಿದವಳು, ಇವಳೇ ಅಂದುಕೊಂಡೆ. ಮೇಲ್ಜಾತಿಯವರು ನಮ್ಮನ್ನು ನೋಡಿದ ಕೂಡಲೇ ಕಳ್ಳರು ಅನ್ನುತ್ತಾರಲ್ಲ, ಅಷ್ಟೇ ಬೇಗ ಅಂದೆ. ನಮ್ಮಿಬ್ಬರನ್ನು ಓದಿಸಲು ಬೆನ್ನು ಬಗ್ಗಿಸಿದವರು ಅಂಥವರೇ. ಓದಿದ ಮೇಲೆ ನಾವು ಮೊದಲು ಅನುಮಾನಪಟ್ಟಿದ್ದು ಅವರನ್ನೇ. ಥೂ ನಮ್ಮ ಓದಿಗೆ.

ನಡೆದಿದ್ದನ್ನು ನಿನ್ನ ಕೈಯಾರೆ ಬರೆ. ಒಂದು ವಾರದೊಳಗೆ.

ಪಂಚಶೀಲಾ


ಸುರಪುರ
೨೫ ಆಗಸ್ಟ್ ೨೦೨೫

ಪಂಚಶೀಲಾ,

ಹೌದು. ನಾನೇ.

ಜೂನ್ ಕೊನೆಯಲ್ಲಿ ಒಂದು ರಾತ್ರಿ ನಿನಗೆ ಜ್ವರ ಇತ್ತು, ಗುಡ್ಡು ನನ್ನ ಕೈಯಲ್ಲಿದ್ದಳು. ಎರಡು ತಾಸು ಅತ್ತಳು. ಎಲ್ಲ ಮಾಡಿ ನೋಡಿದೆ. ಕೊನೆಗೆ ಅವಳನ್ನು ಹಾಸಿಗೆಯ ಮೇಲೆ ಕುಕ್ಕಿದೆ. ಇಟ್ಟಿದ್ದಲ್ಲ, ಕುಕ್ಕಿದ್ದು. ಅವಳು ಒಂದು ಕ್ಷಣ ಅಳುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ನನ್ನ ಕೈಗಳನ್ನು ಕಂಡು ನನಗೇ ಹೆದರಿಕೆಯಾಯಿತು. ಮರುದಿನ ಸಾಲೆ ಬಿಟ್ಟ ಮೇಲೆ ಜಲಾಲುದ್ದೀನನ ಮೆಡಿಕಲ್ಲಿಗೆ ಹೋದೆ. "ಎಷ್ಟು ವರ್ಷದ ಕೂಸ್ರಿ, ಸರ್?" ಎಂದು ಕೇಳಿದ. ಐದು ವರ್ಷ, ನೆಗಡಿ ಅಂದೆ. ಮೇಷ್ಟ್ರು ಸುಳ್ಳು ಹೇಳುತ್ತಾರೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು?

ವಯಸ್ಸಿಗೆ ತಕ್ಕಂತೆ ಲೆಕ್ಕ ಹಾಕಿ ಗೆರೆ ಎಳೆದೆ. ಲೆಕ್ಕ ಸರಿ ಇದೆ ಎಂದು ನಂಬಿದ್ದೆ. ಅವಳು ಮಲಗಿದಳು, ನೀನು ಮಲಗಿದೆ, ನೀನು ನಕ್ಕೆ. ಶನಿವಾರ ರಾತ್ರಿ ಅವಳು ಎಚ್ಚರಾದಳು, ನಾನು ಎರಡನೇ ಸಲ ಹಾಕಿದೆ. ಅವ್ವ ನೋಡಿದಳು. ಕೈಯಿಂದ ಬಾಟಲಿ ಕಿತ್ತುಕೊಂಡಳು. "ಇನ್ನೊಮ್ಮಿ ಇದು ಮುಟ್ಟಿದ್ರ ನಿನ್ನ ಕೈ ಮುರೀತೀನಿ" ಅಂದಳು. ನಾನು ಮತ್ತೆ ಹಾಕಬಾರದೆಂದೇ ಟ್ರಂಕಿನಲ್ಲಿ ಬಚ್ಚಿಟ್ಟಳು. ಮರುದಿನ ಆಸ್ಪತ್ರೆಗೆ ಹೊರಟಾಗ, ಡಾಕ್ಟರಿಗೆ ನಾನೇ ಹೇಳುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದೆ. ಅದೇ ಟ್ರಂಕನ್ನು ನೀನು ತೆಗೆದೆ.

ಅವಳು ನನ್ನ ಮುಖ ನೋಡಿದಾಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನೀನು ನನ್ನನ್ನು ಬಿಟ್ಟು ಹೋಗುತ್ತೀ ಎಂಬ ಹೆದರಿಕೆ. ಅವ್ವ ಬಿಟ್ಟು ಹೋಗುವುದಿಲ್ಲ ಎಂಬ ಧೈರ್ಯ. ಇಷ್ಟೇ ನನ್ನ ಲೆಕ್ಕ.

ಅಕ್ಕ ಇದ್ದದ್ದು ನನಗೆ ಗೊತ್ತಿರಲಿಲ್ಲ. ನಿನ್ನೆ ಶಿರವಾಳಕ್ಕೆ ಹೋಗಿದ್ದೆ. ಅವ್ವ ಚಹಾ ಕೊಟ್ಟಳು, ಒಳಗೆ ಹೋದಳು. ಬಸ್ಸು ಬರುವವರೆಗೂ ಹೊರಗೆ ಬರಲಿಲ್ಲ.

ಸುನೀಲ


ಶಹಾಪುರ
೩ ಸೆಪ್ಟೆಂಬರ್ ೨೦೨೫

ಅತ್ತೆಯವರಿಗೆ,

ದಾನೇಶ್ವರಿ ಟೀಚರ್, ಇದನ್ನು ದಯವಿಟ್ಟು ನಿಧಾನವಾಗಿ ಓದಿ ಹೇಳಿ.

ನಿಮ್ಮ ಮಗ ಎಲ್ಲ ಬರೆದುಕೊಟ್ಟಿದ್ದಾರೆ. ನೀವು ನನ್ನ ಕೂಸನ್ನು ಉಳಿಸಲು ನೋಡಿದಿರಿ, ನಾನು ನಿಮ್ಮನ್ನು ಕೂಸು ಕೊಲ್ಲಾಕಿ ಅಂದೆ. ನನ್ನದು ತಪ್ಪು. ಕ್ಷಮಿಸಿ ಎಂದು ಬರೆಯಲು ನಾಲ್ಕು ಕಾಗದ ಹರಿದೆ, ಯಾವುದೂ ಸಾಲದು.

ನಿಮ್ಮ ಮಗನ ಮನೆಗೆ ನಾನು ಸದ್ಯಕ್ಕೆ ಹೋಗುವುದಿಲ್ಲ. ಶಹಾಪುರದಲ್ಲಿ ಎರಡು ಖೋಲಿಯ ಮನೆ ಹಿಡಿದಿದ್ದೇನೆ. ಅವರು ರವಿವಾರ ಬಂದು ಮಗಳನ್ನು ನೋಡಿ ಹೋಗಲಿ. ಮುಂದಿನದನ್ನು ಮುಂದೆ ನೋಡೋಣ. ನಮ್ಮವ್ವನಿಗೆ ಮಂಡಿನೋವು, ಗುಡ್ಡುವನ್ನು ದಿನಾ ಎತ್ತಲು ಆಗುವುದಿಲ್ಲ. ನಾನು ಹತ್ತು ಗಂಟೆಗೆ ಆಫೀಸಿನಲ್ಲಿರಬೇಕು. ನೀವು ನಮ್ಮ ಹತ್ತಿರ ಬಂದು ಇರಿ. ನಿಮ್ಮ ಮೇಲೆ ಇರುವಷ್ಟು ನಂಬಿಕೆ ಈಗ ನನಗೆ ಯಾರ ಮೇಲೂ ಇಲ್ಲ. ಬರುವ ದಿನ ತಿಳಿಸಿದರೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.

ನಿಮ್ಮ ಸೊಸೆ
ಪಂಚಶೀಲಾ


ಶಿರವಾಳ
೧೧ ಸೆಪ್ಟೆಂಬರ್ ೨೦೨೫

(ಹಣಮಮ್ಮ ಹೇಳಿದ್ದು, ದಾನೇಶ್ವರಿ ಬರೆದದ್ದು. ಸ್ವಲ್ಪ ಮೆತ್ತಗೆ ಬರೆಯಲಾ ಎಂದು ಕೇಳಿದೆ. ಬೇಡ ಅಂದರು.)

ಪಂಚಶೀಲಾಗ,

ಟೀಚರ ನಿನ್ನ ಕಾಗದ ಎರಡು ಸಲ ಓದಿದ್ರು. ನಾ ಎರಡೂ ಸಲ ಕುಂತು ಕೇಳ್ದೆ. ಈಗ ನೀ ಕೇಳು.

ನೀ ಆಫೀಸಿಗೆ ಹೋಗಬೇಕು, ನಿಮ್ಮವ್ವಗ ಮಂಡಿನೋವು, ಅದಕ್ಕ ಹಣಮಮ್ಮ ನೆನಪಾದ್ಲು. ಅವತ್ತು ಕೊಲ್ಲಾಕಿ, ಇವತ್ತು ನೋಡ್ಕೊಳ್ಳಾಕಿ. ನಾ ಏನು ನಿಮ್ಮ ಮನ್ಯಾಗ ಜ್ವಾಳ ಕೇರೂ ಮರ ಏನು, ಬೇಕಾದಾಗ ಗೂಟದಿಂದ ತಗದು, ಬ್ಯಾಡಾದಾಗ ಗೂಟಕ್ಕ ಹಾಕಾಕ?

ಅವ ನನ್ನ ಮಗ. ಹೊಟ್ಟ್ಯಾಗ ಹೊತ್ತೀನಿ, ಅವನ ಸುಳ್ಳೂ ಹೊತ್ತೆ. ನೀ ಮುರಕೊಂಡು ಹೋಗ್ತಿ, ಕೂಸಿಗೆ ಅಪ್ಪ ಇಲ್ಲದಂಗ ಆಗ್ತದ ಅಂತ ಹೊತ್ತೆ. ಅವ ಅಂಜುಬುರುಕ. ಸಣ್ಣಾಂವ ಇದ್ದಾಗಲೂ ಗಡಿಗಿ ಒಡದು ತಂಗಿ ಹೆಸರು ಹೇಳ್ತಿದ್ದ. ಅವನ ಮ್ಯಾಲ ಸಿಟ್ಟು ಅದ. ನಿನ್ನ ಮ್ಯಾಲ ಅದಕಿಂತ ಜಾಸ್ತಿ ಅದ. ನೀ ಗಟ್ಟಿ ಹೆಣ್ಣು ಅಂತ ನಾ ಓಣ್ಯಾಗೆಲ್ಲ ಹೇಳ್ಕೊಂಡು ತಿರಗತಿದ್ದೆ. "ಅತ್ತಿ, ಖರೇ ಹೇಳು, ನೀನೇ ಹಾಕಿದೇನು?" ಅಂತ ಒಂದು ಮಾತು ಎರಡನೇ ಸಲ ಕೇಳಿದ್ರ ನಾ ಅಲ್ಲೇ ಅತ್ತು ಬಿಡ್ತಿದ್ದೆ. ನೀ ಕೇಳಲಿಲ್ಲ. ಬೀದಿಗೆ ಓಡಿದಿ.

ಕಾಗದದಾಗ ತಪ್ಪಾತು ಅಂದ್ರ ಆ ಓಣಿಗೆ ಕೇಳ್ತದೇನು? ಅಲ್ಲಿ ಇಪ್ಪತ್ತು ಮಂದಿ ಕೇಳ್ಯಾರ. ನಲವತ್ತು ವರ್ಷದ ಹಿಂದ ನನ್ನ ಅತ್ತಿನೂ ನನಗ ಕೂಸು ಕೊಲ್ಲಾಕಿ ಅಂದಿದ್ಲು. ಅವತ್ತು ನನ್ನ ಮ್ಯಾಲ ತಪ್ಪು ಇತ್ತು, ತಲಿ ಬಗ್ಗಿಸ್ದೆ. ಈ ಸಲ ಇಲ್ಲ. ಈ ಸಲ ಬಗ್ಗಸಂಗಿಲ್ಲ.

ಇಪ್ಪತ್ತೊಂದನೇ ತಾರೀಖು ರವಿವಾರ ನಾ ಸುರಪುರಕ್ಕ ಬರ್ತೀನಿ. ನಮ್ಮ ಓಣ್ಯಾಗ, ಅಜೀಮನ ಅಂಗಡಿ ಮುಂದಿನ ಕಟ್ಟಿ ಮ್ಯಾಲ ಕುಂತಿರ್ತೀನಿ. ನೀವಿಬ್ರೂ ಬರ್ರಿ. ಬಾಗಲ ಬಾಗಲಕ್ಕ ಹೋಗಿ ಎಲ್ಲಾರನ್ನೂ ಹೊರಗ ಕರೀರಿ. ಅವ ಏನು ಮಾಡ್ಯಾನ ಅಂತ ಅವನ ಬಾಯಿಲೆ ಹೇಳಲಿ. ನೀ ಏನು ಅಂದಿದ್ದಿ, ಅದು ಸುಳ್ಳು ಅಂತ ನಿನ್ನ ಬಾಯಿಲೆ ಹೇಳು. ಕೂಗಿ ಹೇಳು, ಅವತ್ತು ಕೂಗಿದಷ್ಟೇ. ಆಮ್ಯಾಲ ಶಹಾಪುರಕ್ಕ ಬರೂದು ಬಿಡೂದು ನಾ ಹೇಳ್ತೀನಿ.

ಕೂಸಿನ ಕರಕೊಂಡು ಬಾ. ಆದ್ರ ಬಂದ ಕೂಡಲೇ ನನ್ನ ಕೈಗೆ ಕೊಡಬ್ಯಾಡ, ದೂರ ಹಿಡಕೊಂಡು ನಿಂದ್ರು. ಮೊದಲ ಹೇಳಿ ಮುಗಿಸ್ರಿ. ಎರಡು ತಿಂಗಳ ಮ್ಯಾಲಾತು ನಾ ಅದರ ಮುಖ ನೋಡಿಲ್ಲ. ಮೊದಲೇ ಕೊಟ್ಟಿ ಅಂದ್ರ ನನ್ನ ಸಿಟ್ಟು ಇಳದು ಹೋಗ್ತದ.

ಹಣಮಮ್ಮ (ಹೆಬ್ಬೆಟ್ಟು)